ಡಯಟ್ ಚೀಟಿಯ ಬಗ್ಗೆ ಮಗಳಿಗೊಂದು ಪತ್ರ

ತೀರ್ಥಹಳ್ಳಿ

ಪ್ರೀತಿಯ ಮಗಳೇ,

ನನ್ನ ಸಕ್ಕರೆ ಕಾಯಿಲೆಗೆಂದು ಆಸ್ಪತ್ರೆಯ ಆಹಾರತಜ್ಞೆ ಕೊಟ್ಟ ಚೀಟಿಯನ್ನು ನಾನು ಏಕೆ ಅಕ್ಷರಶಃ ಪಾಲಿಸುತ್ತಿಲ್ಲವೆಂದು ನೀನು ಫೋನಿನಲ್ಲಿ ಕೇಳುತ್ತಿದ್ದಾಗ ನಿನ್ನ ಅಪ್ಪ ಪಕ್ಕದಲ್ಲೇ ಕುಳಿತು ನಿನ್ನ ಮಾತಿಗೆಲ್ಲ ತಲೆಯಾಡಿಸುತ್ತಿದ್ದರು. ಇಬ್ಬರೊಡನೆ ಒಟ್ಟಿಗೆ ವಾದಿಸುವುದು ನನ್ನಿಂದಾಗದು, ಆದ್ದರಿಂದ ಬರೆಯುತ್ತಿದ್ದೇನೆ.

ಆ ಚೀಟಿ ಮೊದಲೇ ಮುದ್ರಿಸಿಟ್ಟ ಹಾಳೆ. ನನ್ನ ಹೆಸರು ಮತ್ತು ತೂಕವನ್ನಷ್ಟೇ ಪೆನ್ನಿನಲ್ಲಿ ತುಂಬಿದ್ದರು. ಬೆಳಿಗ್ಗೆ ಓಟ್ಸ್ ಗಂಜಿ, ಹನ್ನೊಂದಕ್ಕೆ ಎರಡು ಮಾರಿ ಬಿಸ್ಕತ್ತು, ಮಧ್ಯಾಹ್ನ ಎರಡು ಚಪಾತಿಯ ಜೊತೆ ಒಂದು ಬಟ್ಟಲು ಅನ್ನ, ಸಂಜೆ ಒಂದು ಹಣ್ಣು, ರಾತ್ರಿ ಮತ್ತೆ ಚಪಾತಿ. ಕಡುಬು, ಅಕ್ಕಿ ರೊಟ್ಟಿ, ಪತ್ರೊಡೆ, ಕಳಲೆ, ತಂಬುಳಿ ಯಾವುದರ ಸುಳಿವೂ ಅದರಲ್ಲಿಲ್ಲ, ಮನೆಯಲ್ಲಿ ಏನು ಬೇಯಿಸುತ್ತೀರೆಂದು ಯಾರೂ ಕೇಳಲಿಲ್ಲ. ಅದನ್ನಾದರೂ ಬಿಡು. ಸಕ್ಕರೆ ಕಾಯಿಲೆಯವರಿಗೆ ಬಿಸ್ಕತ್ತನ್ನು ಔಷಧದಂತೆ ಹೊತ್ತು ಗೊತ್ತುಮಾಡಿ ತಿನ್ನಲು ಹೇಳುವುದೇಕೆಂದು ನನಗೆ ಇಂದಿಗೂ ಅರ್ಥವಾಗಿಲ್ಲ. ಅದರಲ್ಲಿರುವುದು ಮೈದಾ, ಸಕ್ಕರೆ, ಎಣ್ಣೆ.

ಅಕ್ಕಿ ಬಿಟ್ಟು ಗೋಧಿಗೋ ರಾಗಿಗೋ ಹೋದರೆ ಸಾಕೆಂಬ ಮಾತು ನಮ್ಮ ಊರಿನಲ್ಲಿಯೂ ಆಸ್ಪತ್ರೆಯಲ್ಲಿಯೂ ಒಂದೇ ಬಗೆಯಾಗಿ ಕೇಳಿಬರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಬೆಳ್ತಿಗೆ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟವಿದೆ (ಕಾರ್ಬೋಹೈಡ್ರೇಟ್, ಅಂದರೆ ಜೀರ್ಣವಾದಾಗ ಸಕ್ಕರೆಯಾಗುವ ಅಂಶ), ರಾಗಿಯಲ್ಲಿ ಸುಮಾರು 67, ಗೋಧಿ ಹಿಟ್ಟಿನಲ್ಲಿ ಸುಮಾರು 64. ನಾರಿನಂಶ ರಾಗಿಯಲ್ಲಿ ಮತ್ತು ಗೋಧಿಯಲ್ಲಿ ಹೆಚ್ಚಿರುವುದು ನಿಜ, ಆದರೆ ಮುದ್ದೆ ದೊಡ್ಡದಾದರೆ ಆ ಲಾಭ ಅಲ್ಲೇ ಕರಗಿಹೋಗುತ್ತದೆ. ದೇಶದಾದ್ಯಂತ ಮಧುಮೇಹದ ಬಗ್ಗೆ ನಡೆದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಆಹಾರ ಕುರಿತ ವರದಿ 2025ರಲ್ಲಿ ಹೊರಬಂದಾಗ ಅದೂ ಇದನ್ನೇ ಹೇಳಿತು. ಭಾರತೀಯರ ಶಕ್ತಿಯ ಸುಮಾರು 62 ಶೇಕಡಾ ಪಾಲು ಶರ್ಕರಪಿಷ್ಟದಿಂದ ಬರುತ್ತಿದೆ; ಒಟ್ಟು ಪ್ರಮಾಣವನ್ನು ತಗ್ಗಿಸದೆ ಅಕ್ಕಿಯ ಬದಲು ಗೋಧಿಯನ್ನೋ ಸಿರಿಧಾನ್ಯವನ್ನೋ ತಿಂದ ಮಾತ್ರಕ್ಕೆ ಮಧುಮೇಹದ ಅಪಾಯ ಕಡಿಮೆ ಕಂಡುಬಂದಿಲ್ಲ, ಅದರಲ್ಲಿ ಸ್ವಲ್ಪ ಪಾಲನ್ನು ಬೇಳೆಕಾಳು, ಹಾಲು ಮೊಸರು, ಮೊಟ್ಟೆ, ಮೀನಿನಂಥ ಪ್ರೋಟೀನಿಗೆ ಬಿಟ್ಟುಕೊಟ್ಟಲ್ಲಿ ಕಡಿಮೆ ಕಂಡುಬಂದಿದೆ. ಅಮೆರಿಕದ ಮಧುಮೇಹ ಸಂಘವೂ 2019ರ ವರದಿಯಲ್ಲಿ, ರಕ್ತದ ಸಕ್ಕರೆಯನ್ನು ಹತೋಟಿಗೆ ತರಲು ಶರ್ಕರಪಿಷ್ಟವನ್ನು ತಗ್ಗಿಸುವುದಕ್ಕೇ ಹೆಚ್ಚಿನ ಪುರಾವೆಯಿದೆ ಎಂದು ಒಪ್ಪಿಕೊಂಡಿದೆ. ಶಾಸ್ತ್ರ ಹೀಗೆ ಬದಲಾಗುತ್ತಿರುವಾಗ ಮುದ್ರಿತ ಹಾಳೆ ಮಾತ್ರ ಏಕೆ ಬದಲಾಗಬಾರದು?

ಇಷ್ಟೆಲ್ಲ ಓದಿದ ಮೇಲೂ ನಾನು ಹೆಚ್ಚು ನಂಬಿದ್ದು ನೀನು ಕೊಡಿಸಿದ, ರಕ್ತದ ಸಕ್ಕರೆ ಅಳೆಯುವ ಗ್ಲುಕೋಮೀಟರನ್ನು. ಊಟದ ಮೊದಲ ತುತ್ತಿನಿಂದ ಎರಡು ಗಂಟೆ ಎಣಿಸಿ, ಸೋಪಿನಲ್ಲಿ ಕೈ ತೊಳೆದು ಒರೆಸಿ, ಬೆರಳಿನ ಬದಿಗೆ ಚುಚ್ಚುತ್ತೇನೆ. ಹಲಸಿನ ತೊಳೆ ಬಿಡಿಸಿದ ಕೈಯಲ್ಲಿ ಚುಚ್ಚಿದರೆ ಅಂಕಿ ಸುಳ್ಳಾಗುತ್ತದೆ. ಎರಡು ಅಕ್ಕಿ ರೊಟ್ಟಿ ಮತ್ತು ಚಟ್ನಿ ತಿಂದ ಬೆಳಿಗ್ಗೆ 218 ಬಂತು, ಚೀಟಿಯ ಓಟ್ಸ್ ತಿಂದ ಬೆಳಿಗ್ಗೆ 204. ಒಂದೇ ರೊಟ್ಟಿ, ಜೊತೆಗೆ ಹೆಸರುಕಾಳಿನ ಉಸಲಿ, ಬಾಳೆದಿಂಡಿನ ಪಲ್ಯ ಮತ್ತು ಒಂದೆಲಗದ ತಂಬುಳಿ ಮಾಡಿಕೊಂಡ ದಿನ 151. ಬೇರೆಯವರಿಗೆ ಬೇರೆ ಅಂಕಿ ಬರಬಹುದು. ಆದರೆ ನನ್ನ ತಟ್ಟೆಯ ಲೆಕ್ಕ ನನಗೆ ಸಿಕ್ಕಿತು: ರೊಟ್ಟಿಯನ್ನು ಬಿಡಬೇಕಾಗಿಲ್ಲ, ಎರಡನೆಯದನ್ನು ಬಿಡಬೇಕು. ಊಟವಾದ ಮೇಲೆ ಅಡಿಕೆ ಅಂಗಳದಲ್ಲಿ ನಾಲ್ಕು ಸುತ್ತು ಹಾಕಿದರೆ ಅಂಕಿ ಇನ್ನಷ್ಟು ಇಳಿಯುತ್ತದೆ.

ಇನ್ನು ನೀನು ನಿಜವಾಗಿ ಹೆದರುತ್ತಿರುವ ವಿಷಯ. ಆಹಾರದ ಬಗ್ಗೆ ಪ್ರಶ್ನೆ ಕೇಳುತ್ತೇನೆಂದ ಮಾತ್ರಕ್ಕೆ ಮಾತ್ರೆಯನ್ನು ನನ್ನಿಷ್ಟದಂತೆ ಬಿಡುವವಳಲ್ಲ. ಅನ್ನ ಕಡಿಮೆ ಮಾಡುವ ಮೊದಲೇ ಶಿವಮೊಗ್ಗಕ್ಕೆ ಹೋಗಿ ಡಾಕ್ಟರಿಗೆ ತಿಳಿಸಿದೆ. ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಹಾಗೆಯೇ ಮುಂದುವರಿದರೆ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ ಬರಬಹುದೆಂದು ಅವರೇ ಅದನ್ನು ಅರ್ಧಕ್ಕೆ ಇಳಿಸಿದರು, ಇನ್ನೊಂದು ಮಾತ್ರೆ ಮೆಟ್‌ಫಾರ್ಮಿನ್ ಮುಂದುವರಿದಿದೆ. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಡಪಾಗ್ಲಿಫ್ಲೋಜಿನ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಶರ್ಕರಪಿಷ್ಟವನ್ನು ಒಮ್ಮೆಲೇ ಬಿಟ್ಟರೆ ಸಕ್ಕರೆಯ ಅಂಕಿ ಹೆಚ್ಚೇನೂ ಏರದೆಯೇ ರಕ್ತ ಆಮ್ಲೀಯವಾಗುವ ಅಪಾಯವಿದೆಯಂತೆ. ನಿನ್ನ ದೊಡ್ಡಮ್ಮನಿಗೆ ಇದನ್ನು ತಪ್ಪದೆ ಹೇಳು, ಅವರು ಯಾರದೋ ವಿಡಿಯೋ ನೋಡಿ ಅನ್ನವನ್ನೇ ಬಿಡಲು ಹೊರಟಿದ್ದಾರೆ. ಪ್ರೋಟೀನು ಹೆಚ್ಚಿಸುವ ಮೊದಲು ಮೂತ್ರಪಿಂಡ ಸರಿಯಿದೆಯೇ ಎಂದು ನೋಡಲು ನನ್ನ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆಯೂ ಆಗಿದೆ.

ಪ್ರಶ್ನೆ ತಜ್ಞರಿಗೆ ಮಾತ್ರ ಎಂದುಕೊಳ್ಳಬೇಡ. ಜೋನಿಬೆಲ್ಲ ಸಕ್ಕರೆಯಲ್ಲ, ತಿಂದರೆ ಏನೂ ಆಗದು ಎಂದು ಹೇಳುತ್ತ ತೊಡದೇವು ತಂದಿಡುವ ನೆಂಟರನ್ನೂ ಮೀಟರಿನ ಮುಂದೆ ಕೂರಿಸಬೇಕೆನಿಸುತ್ತದೆ. ಮಧುನಾಶಿನಿ ಎಲೆ ಅಗಿದು ಮಾತ್ರೆ ಬಿಡಿ ಎನ್ನುವವರಿಗೆ ನಾನು ಉತ್ತರವನ್ನೇ ಕೊಡುವುದಿಲ್ಲ.

ಮುಂದಿನ ಭೇಟಿಗೆ ನೀನೂ ಬಾ. ನನ್ನ ಅಂಕಿಗಳ ಪುಸ್ತಕವನ್ನು ಆಹಾರತಜ್ಞೆಯ ಮುಂದಿಟ್ಟು, ಈ ಬಿಸ್ಕತ್ತಿನ ಜಾಗದಲ್ಲಿ ಒಂದು ಹಿಡಿ ಶೇಂಗಾ ಆದೀತೇ, ಚಪಾತಿ ಮತ್ತು ಅನ್ನ ಎರಡೂ ಒಟ್ಟಿಗೆ ಏಕೆ, ಮಳೆಗಾಲದಲ್ಲಿ ಕಳಲೆ ಪಲ್ಯವನ್ನು ಎಷ್ಟು ಬಡಿಸಿಕೊಳ್ಳಬಹುದು ಎಂದು ಕೇಳುವವಳಿದ್ದೇನೆ. ಆಕೆ ಒಳ್ಳೆಯ ಹುಡುಗಿಯೇ. ಹೊರಗೆ ಅಷ್ಟು ದೊಡ್ಡ ಸಾಲಿದ್ದರೆ ಯಾರಿಗೆ ತಾನೇ ಪುರುಸೊತ್ತು? ನಿನಗೂ ಮೂವತ್ತು ದಾಟಿತು, ತಾಯಿಗೆ ಈ ಕಾಯಿಲೆಯಿದೆ. ಬರುವಾಗ ರಾತ್ರಿಯಿಂದ ಏನೂ ತಿನ್ನದೆ ಬಾ, ನಿನ್ನ ಖಾಲಿ ಹೊಟ್ಟೆಯ ಸಕ್ಕರೆ (ಫಾಸ್ಟಿಂಗ್) ಮತ್ತು ಎರಡು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎಒನ್‌ಸಿ ಎರಡನ್ನೂ ಅಲ್ಲಿಯೇ ಮಾಡಿಸೋಣ. ಎಚ್‌ಬಿಎಒನ್‌ಸಿ 5.7ಕ್ಕಿಂತ ಕೆಳಗಿದ್ದರೆ ಕಡುಬು ನಿನಗೆ, ತಂಬುಳಿ ನನಗೆ.

ನಿನ್ನ
ಅಮ್ಮ