ಬಿಸಿಲಲ್ಲಿ ನೆಟ್ಟ ರಾಮಪತ್ರೆ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಕಾಡಲ್ಲಿ ಗಿಡ ನೆಡೋಕೆ ಬರೋ ಸಣ್ಣ ಮಕ್ಕಳನ್ನು ಪಿಯುಸಿ ಹುಡುಗರ ಕೈಗೆ ಕೊಟ್ಟು ನೀನು ಸುಮ್ನೆ ನಿಂತಿರ್ತೀಯಾ?" ಅಂತ. ಆಗ ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಜಡ್ಡಿ ನಿನಗೆ ನೆನಪಿರಬಹುದು. ತೋಟ ದಾಟಿ ಹಳ್ಳಕ್ಕೆ ಇಳಿದರೆ ಸಿಗುತ್ತದಲ್ಲ, ಆ ಜೌಗು ಕಾಡು. ಬೇಸಿಗೆಯಲ್ಲೂ ಕಾಲು ಹೂತುಹೋಗುವ ನೆಲ. ಮಡಚಿದ ಮೊಣಕಾಲಿನ ಹಾಗೆ ಕೆಸರಿನಿಂದ ಮೇಲೆದ್ದ ಬೇರುಗಳು. ಕೆಸರಿನಲ್ಲಿ ಹೂತ ಬೇರಿಗೆ ಗಾಳಿ ಸಿಗುವುದೇ ಅವುಗಳಿಂದ. ಉತ್ತರ ಕನ್ನಡದ ಸಿದ್ದಾಪುರದ ಕತ್ತಲೆಕಾನು ಎಂಬ ಕಾಡಿನಲ್ಲಿ ಇಂಥ ಜಡ್ಡಿಗಳು ಇನ್ನೂ ಉಳಿದಿವೆ. 2000ದಲ್ಲಿ ಅಲ್ಲಿನ ಗೇರು ಜಾತಿಯ ಒಂದು ಮರವನ್ನು ಹೊಸದೆಂದು ಗುರುತಿಸಿ, ಆ ಕಾನಿನ ಹೆಸರನ್ನೇ ಇಟ್ಟರು. ಬೇರೆ ಕಡೆ ಎಷ್ಟೋ ಜಡ್ಡಿಗಳು ಗದ್ದೆಯಾದವು, ಅಡಿಕೆ ತೋಟವಾದವು. ವರ್ಷವಿಡೀ ನೀರಿರುವ ಜಾಗವನ್ನು ಯಾರು ಬಿಡುತ್ತಾರೆ? ನಮ್ಮ ಹಿರಿಯರೂ ಬಿಡಲಿಲ್ಲ. ಈಗ ಕೆಳಗಿನ ಎರಡು ಗದ್ದೆ ಪಾಳುಬಿದ್ದಿವೆ. ಅವನ್ನು ಮತ್ತೆ ಜಡ್ಡಿಗೇ ಬಿಟ್ಟುಕೊಡಬೇಕು ಅಂತ ಹೊರಟಿದ್ದೇವೆ.

ಕೆಲಸ ಶುರುವಾಗುವುದು ಬೀಜದಿಂದ. ನಾವು ನೆಡುವುದು ರಾಮಪತ್ರೆ, ಜಾಯಿಕಾಯಿಯ ಬಳಗದ ಕಾಡುಮರ. ಅದರ ಬೀಜ ಒಣಗಿದರೆ ಮುಗಿಯಿತು, ಮೊಳೆಯುವುದಿಲ್ಲ. ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಬಿತ್ತುವ ಹಾಗಿಲ್ಲ. ಬಿದ್ದ ಹಣ್ಣನ್ನು ಬೇಗ ಆರಿಸಬೇಕು, ಹಸಿ ಆರುವ ಮೊದಲು ಮಣ್ಣಿಗೆ ಸೇರಿಸಬೇಕು. ಆದರೆ ಬೀಳುವಷ್ಟು ಹಣ್ಣು ಮರದಲ್ಲಿ ಉಳಿಯಬೇಕಲ್ಲ! ಬೀಜದ ಮೇಲಿನ ಪತ್ರೆಗೆ ಬೆಲೆ ಇದೆ ಅಂತ ಕಾಯಿ ಬಲಿಯುವ ಮೊದಲೇ ಕೊಯ್ಯುತ್ತಾರೆ. ಕೆಲವರು ಕೊಂಬೆಯನ್ನೇ ಕಡಿದು ಹಾಕುತ್ತಾರೆ. ಮಂಗಟ್ಟೆ ಹಕ್ಕಿಗೂ ಇಲ್ಲ, ನೆಲಕ್ಕೂ ಇಲ್ಲ. ಇದನ್ನು ನೋಡಿದಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಈ ಕೆಲಸಕ್ಕೆ ಬರುವ ಮಕ್ಕಳಲ್ಲಿ ಪಿಯುಸಿಯ ಒಬ್ಬ ದೊಡ್ಡವರ ಜೊತೆ ಇಬ್ಬರು ಸಣ್ಣವರು. ಕತ್ತಿ, ಹಾರೆ ದೊಡ್ಡವರ ಕೈಯಲ್ಲಿ. ಬೀಜ ತುಂಬಿದ ಅಡಿಕೆ ಹಾಳೆ ಸಣ್ಣವರ ಕೈಯಲ್ಲಿ. ಉಂಬಳ, ಅಂದರೆ ಜಿಗಣೆ, ಹತ್ತಿದರೆ ಕೂಗಾಡದೆ ತೆಗೆಯುವುದನ್ನು ಅವರೇ ಒಬ್ಬರಿಗೊಬ್ಬರು ಕಲಿಸಿಕೊಂಡರು. ನಾನು ಮಾಡಿದ್ದು ಕೆಲಸ ಹಂಚಿದ್ದಷ್ಟೇ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಕಳೆದ ಮಳೆಗಾಲದಲ್ಲಿ ಐದನೇ ಕ್ಲಾಸಿನ ಒಬ್ಬಳು ಪುಟ್ಟಿ ತನ್ನ ಸಸಿಯನ್ನು ಗದ್ದೆಯ ನಡುವೆ, ಬಯಲಲ್ಲಿ ನೆಡುತ್ತೇನೆ ಅಂತ ಹಟ ಹಿಡಿದಳು. ಶಾಲೆಗೆ ಹೋಗುವಾಗ ದಾರಿಯಿಂದ ಕಾಣಬೇಕಂತೆ. ರಾಮಪತ್ರೆ ನೆರಳಿನ ಗಿಡ, ಎಳೆಯದರಲ್ಲಿ ಬಿಸಿಲು ತಡೆಯುವುದಿಲ್ಲ. ಅವಳ ಜೊತೆಗಿದ್ದ ಪಿಯುಸಿ ಹುಡುಗಿ ಅದನ್ನು ಒಂದು ಸಲ ಹೇಳಿದಳು. ಪುಟ್ಟಿ ಕೇಳಲಿಲ್ಲ. "ಸರಿ, ಒಂದು ಇಲ್ಲಿ ನೆಡು. ಇನ್ನೊಂದನ್ನು ನಾವಿಬ್ಬರೂ ಸೇರಿ ಮರದ ಕೆಳಗೆ ನೆಡೋಣ" ಅಂದಳು ಅಕ್ಕ. ನನಗೆ ಸಿಟ್ಟು ಬಂತು. ನಮ್ಮ ಹತ್ತಿರ ಇದ್ದದ್ದೇ ಮೂವತ್ತು ಚಿಲ್ಲರೆ ಸಸಿ. ಗೊತ್ತಿದ್ದೂ ಒಂದನ್ನು ಸಾಯಲು ಬಿಡುವುದಾ? ಬಾಯಿ ತೆರೆದವನು, ಆ ಹುಡುಗಿ ನನ್ನನ್ನು ನೋಡಿದ ರೀತಿಗೆ ಸುಮ್ಮನಾದೆ.

ಮಾರ್ಚಿನಲ್ಲಿ ಎಲೆಯ ಅಂಚು ಸುಟ್ಟಿತು. ಆಮೇಲೆ ಪೂರ್ತಿ ಒಣಗಿತು. ಪುಟ್ಟಿ ಅತ್ತಳು. ಅಕ್ಕ "ನಾನು ಆಗಲೇ ಹೇಳಿದ್ದೆ" ಅನ್ನಲಿಲ್ಲ. ಅವಳನ್ನು ಕರೆದುಕೊಂಡು ಹೋಗಿ ಹಳ್ಳದ ದಂಡೆಯ ಒಂದು ಒಣ ಕಡ್ಡಿ ತೋರಿಸಿದಳು. "ಇದು ನಂದು. ಎರಡು ವರ್ಷದ ಹಿಂದೆ ನಾನೂ ಹೀಗೇ ಮಾಡಿದ್ದೆ." ಆಮೇಲೆ ಮರದ ಕೆಳಗಿನ ಸಸಿ ನೋಡಲು ಇಬ್ಬರೂ ಹೋದರು. ಅದಕ್ಕೆ ಎರಡು ಹೊಸ ಎಲೆ ಬಂದಿದ್ದವು.

ನಾನು ಹೇಳಿದ್ದರೆ ಅದು ಪಾಠವಾಗುತ್ತಿತ್ತು, ಅಲ್ವಾ? ಆ ಪಿಯುಸಿ ಹುಡುಗಿಗೆ ತನ್ನ ಸಸಿ ಸತ್ತಾಗ ತಾನು ಅತ್ತಿದ್ದು ಇನ್ನೂ ನೆನಪಿದೆ. ನನ್ನ ಮೊದಲ ಸಸಿ ಯಾವಾಗ ಸತ್ತಿತೋ ನನಗೆ ನೆನಪೇ ಇಲ್ಲ. ದೊಡ್ಡ ಮಕ್ಕಳ ಕೈಗೆ ಸಣ್ಣವರನ್ನು ಯಾಕೆ ಕೊಡುತ್ತೇನೆ ಅಂದರೆ ಇದಕ್ಕೇ ಕಣೋ.

ಮೊನ್ನೆ ಭಾನುವಾರ ಪುಟ್ಟಿ ಬಂದಿದ್ದಳು. ಈಗ ಆರನೇ ಕ್ಲಾಸು. ಅದೇ ಬಯಲು ಜಾಗದಲ್ಲಿ ಮೊದಲು ಚಂದಕಲು ಮರ ಬೆಳೆಸುತ್ತಾಳಂತೆ. ಅದು ಬಿಸಿಲಲ್ಲೇ ಬೇಗ ಏಳುತ್ತದೆ, ಎಲೆಯೂ ಕೊಡೆಯ ಹಾಗೆ ಅಗಲ. ಅದರ ನೆರಳಿನಲ್ಲಿ ರಾಮಪತ್ರೆ ನೆಡಬಹುದು ಅಂತ ಅವಳ ಲೆಕ್ಕ. ಅಕ್ಕನೂ ಒಪ್ಪಿದ್ದಾಳಂತೆ.

"ಅಷ್ಟು ನೆರಳಾಗಲು ಮೂರು ವರ್ಷವಾದರೂ ಬೇಕು" ಅಂದೆ.

"ಆಗ ನಾನು ಒಂಬತ್ತನೇ ಕ್ಲಾಸು. ನಂಗೂ ಇಬ್ಬರು ಸಣ್ಣವರನ್ನು ಕೊಡ್ತೀರಲ್ಲ" ಅಂದಳು.

ನಿನ್ನ,
ಜಡ್ಡಿಯ ಗೆಳೆಯ