ಡಿಕಾಕ್ಷನ್ ಇಳೀತಾ ಇದೆ ಅಂತ ಕಾಣುತ್ತೆ

ಪ್ರೀತಿಯ ತಮ್ಮ,

ನಿನ್ನ ಕಾಮಿಡಿ ಧಾರಾವಾಹಿಗೆ ಬರೆದು ಕಳಿಸಿದ ಎಪಿಸೋಡನ್ನು ಎರಡು ಸಲ ಓದಿದೆ. ಮಾತು ಚುರುಕಾಗಿದೆ. ಆದರೆ ಆರನೇ ಸೀನಿನಲ್ಲಿ ದೊಡ್ಡಪ್ಪನ ಬಾಯಿಗೆ ಸಾಲಾಗಿ ನಾಲ್ಕು ಪಂಚ್ ಇಟ್ಟಿದ್ದೀಯಲ್ಲ, ನಾಲ್ಕನ್ನೂ ತೆಗೆದುಬಿಡು. ಅವರಿಗೆ ಬೇಕಾಗಿರುವುದು ಒಂದು ಲೋಟ ಕಾಫಿ. ಬಾಯಿಬಿಟ್ಟು ಕೇಳಲು ಸಂಕೋಚ. "ಬೇಡಮ್ಮ, ಈಗಷ್ಟೇ ಕುಡಿದು ಬಂದೆ" ಅನ್ನಲಿ. ಸ್ವಲ್ಪ ಹೊತ್ತು ಸುಮ್ಮನೆ ಕೂರಲಿ. ಆಮೇಲೆ ಅಡುಗೆಮನೆ ಕಡೆ ಮೂಗು ತಿರುಗಿಸಿ, "ಡಿಕಾಕ್ಷನ್ ಇಳೀತಾ ಇದೆ ಅಂತ ಕಾಣುತ್ತೆ" ಅನ್ನಲಿ. ನಟನಿಗೆ ಅಷ್ಟು ಕೊಟ್ಟರೆ ಉಳಿದದ್ದನ್ನು ಅವನೇ ತುಂಬುತ್ತಾನೆ.

ಸಿನಿಮಾ ಮಾಡುವ ಆಸೆಯವನು ಕಾಮಿಡಿ ಧಾರಾವಾಹಿಯಲ್ಲಿ ಕಾಲ ಕಳೆಯಬೇಕೇ ಎಂದು ಕೇಳಿದ್ದೀಯ. ವಿಜಯಪ್ರಸಾದರನ್ನು ನೋಡು. ಈಟಿವಿ ಕನ್ನಡದಲ್ಲಿ 'ಸಿಲ್ಲಿ ಲಲ್ಲಿ' ನಿರ್ದೇಶಿಸಿದವರು 2012ರಲ್ಲಿ 'ಸಿದ್ಲಿಂಗು' ಮಾಡಿದರು. ಹಳೇ ಕಾರೊಂದರ ಹುಚ್ಚು ಹತ್ತಿಸಿಕೊಂಡವನ ಕಥೆ. ಮೊದಮೊದಲು ನಗಿಸುವ ಆ ಹುಚ್ಚು ಆಮೇಲೆ ಎದೆಗೆ ನಾಟುತ್ತದೆ. ಅವರದೇ 2016ರ 'ನೀರ್ ದೋಸೆ'ಯಲ್ಲಿ ಜಗ್ಗೇಶ್ ಹೆಣ ಸಾಗಿಸುವ ವ್ಯಾನಿನ ಡ್ರೈವರ್. ಅಲ್ಲಿನ ದ್ವಂದ್ವಾರ್ಥದ ಮಾತುಗಳನ್ನು ನಕಲು ಮಾಡಲು ಹೋಗಬೇಡ. ನಗಿಸುವವನಿಗೆ ಎಂಥ ಕೆಲಸ ಕೊಟ್ಟಿದ್ದಾರೆ ನೋಡು, ಅದನ್ನು ಕಲಿ.

ಧಾರಾವಾಹಿಯ ಪಾತ್ರ ಬದಲಾಗುವಂತಿಲ್ಲ. 'ಸಿಲ್ಲಿ ಲಲ್ಲಿ'ಯ ಡಾಕ್ಟರ್ ವಿಠಲ್ ರಾವ್ ಇವತ್ತು ಎಷ್ಟೇ ಮುಖಭಂಗ ಅನುಭವಿಸಿದರೂ ನಾಳೆ ಅದೇ ಬಡಾಯಿ ಕೊಚ್ಚಿಕೊಂಡು ಬರಬೇಕು, ಜನ ಕಾಯುವುದೇ ಅದಕ್ಕೆ. ಸಿನಿಮಾದ ಕೆಲಸ ಬೇರೆ. ಅದೇ ದೊಡ್ಡಪ್ಪ ಸಿನಿಮಾಕ್ಕೆ ಬಂದರೆ, ಅವರ ಮನೆಯಲ್ಲಿ ಕಾಫಿ ಮಾಡಿಕೊಡುವವರು ಯಾರೂ ಉಳಿದಿಲ್ಲ ಎಂಬುದು ನಮಗೆ ಯಾವಾಗಲೋ ತಿಳಿಯಬೇಕು. ಅವತ್ತಿನಿಂದ ಆ ಡಿಕಾಕ್ಷನ್ ಮಾತಿಗೆ ಮೊದಲಿನ ಹಾಗೆ ನಗಲು ಆಗುವುದಿಲ್ಲ. ಪಾತ್ರದ ಆಸೆ ಏನೆಂದು ಹಿಡಿಯುವುದನ್ನು ನನಗೆ ಕಲಿಸಿದ್ದು ದಿನಕ್ಕೊಂದು ಎಪಿಸೋಡ್ ಬರೆಯುವ ಧಾವಂತವೇ. ಆ ಅಭ್ಯಾಸವನ್ನು ಬಿಡಬೇಡ.

ದುಡ್ಡಿನ ವಿಷಯವನ್ನೂ ಹೇಳಿಬಿಡುತ್ತೇನೆ. ನಾನು ನಿನ್ನ ವಯಸ್ಸಿನಲ್ಲಿದ್ದಾಗ ಒಬ್ಬ ನಿರ್ಮಾಪಕರ ಬಾಯಿಮಾತು ನಂಬಿ ಮೂರು ತಿಂಗಳು ಬರೆದೆ. ಧಾರಾವಾಹಿ ನಿಂತಿತು, ದುಡ್ಡು ಬರಲೇ ಇಲ್ಲ. ಎಪಿಸೋಡಿಗೆ ಎಷ್ಟು, ಯಾವಾಗ ಕೊಡುತ್ತಾರೆ, ಟೈಟಲ್ ಕಾರ್ಡಿನಲ್ಲಿ ಹೆಸರು ಹೇಗೆ ಬರುತ್ತದೆ, ಎಲ್ಲವನ್ನೂ ಮೊದಲೇ ಬರೆಸಿಕೋ. ಕೇಳುವುದಕ್ಕೆ ನಾಚಿಕೆ ಬೇಡ.

ಆರನೇ ಸೀನು ತಿದ್ದಿ ಭಾನುವಾರದೊಳಗೆ ಕಳಿಸು. ದೊಡ್ಡಪ್ಪನಿಗೆ ಕೊನೆಗೂ ಕಾಫಿ ಸಿಗುತ್ತದೋ ಇಲ್ಲವೋ, ನೀನೇ ತೀರ್ಮಾನಿಸು.

ನಿನ್ನ ಅಣ್ಣ