ಅಮ್ಮನ ರಿಪೋರ್ಟ್ ಬಂತು, ಕೆಲವರನ್ನು ನೆನೆಯಬೇಕು

ಅಮ್ಮನ ಸಿಇಎ ರಿಪೋರ್ಟ್, ಅಂದರೆ ಕ್ಯಾನ್ಸರ್ ಮೇಲೆ ಕಣ್ಣಿಡಲು ರಕ್ತದಲ್ಲಿ ಅಳೆಯುವ ಒಂದು ಪ್ರೋಟೀನ್‌ನ ರಿಪೋರ್ಟ್, ನಾರ್ಮಲ್ ಬಂದಿದೆ. ಕೀಮೋನೂ ಮುಗಿಯಿತು. ಡೊಂಬಿವಲಿಯ ನಮ್ಮ ಅಡುಗೆಮನೆಯಲ್ಲಿ ಮತ್ತೆ ಅವಳದೇ ಒಗ್ಗರಣೆ.

ಪರೇಲ್‌ನಲ್ಲಿ ಆಪರೇಷನ್ ಇದ್ದಾಗ ಮಾಟುಂಗಾದ ಚಿಕ್ಕಮ್ಮ ತಮ್ಮ ಮನೆಯ ಕೀಲಿಯನ್ನೇ ನಮಗೆ ಕೊಟ್ಟುಬಿಟ್ಟರು. ಅಣ್ಣನ ಹೋಟೆಲಿನ ಹುಡುಗರು ಬೆಳಗಿನ ಇಡ್ಲಿ ರಶ್ ಮುಗಿಸಿ ಬಂದು ರಕ್ತ ಕೊಟ್ಟರು. ವಾರ್ಡಿನ ಸಿಸ್ಟರ್ ಡ್ರೇನ್ ಬ್ಯಾಗ್ ಖಾಲಿ ಮಾಡಿ ಅಳತೆ ಬರೆದಿಡುವುದನ್ನು ನನ್ನ ಕೈ ಹಿಡಿದು ಕಲಿಸಿದರು. ಇವರ ಋಣ ದೊಡ್ಡದು.

ಇನ್ನು ಸರ್ಜನ್. ದೊಡ್ಡ ಕರುಳಿನ ಕ್ಯಾನ್ಸರ್ ಹೊಟ್ಟೆಯೊಳಗಿನ ಪೊರೆಗೂ ಹರಡಿತ್ತು. ರಾಗಿಕಾಳಿನಷ್ಟು ಸಣ್ಣ ಗಂಟುಗಳು ಎಷ್ಟೋ ಸಲ ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ. ಕರುಳನ್ನು ಗೇಣು ಗೇಣು ಸರಿಸಿ, ಬೆರಳಲ್ಲಿ ಮುಟ್ಟಿ ಹುಡುಕಬೇಕು. ಅವರು ಇಡೀ ದಿನ ಅದನ್ನೇ ಮಾಡಿದರು. ಕರುಳು ಜೋಡಿಸಿದ ಮೇಲೆ ಅಲ್ಲಿಗೆ ರಕ್ತ ಹರಿಯುತ್ತಿದೆಯಾ ಅಂತ ಐಸಿಜಿ ಎಂಬ ಹೊಳೆಯುವ ಬಣ್ಣ ಕೊಟ್ಟು ಕ್ಯಾಮೆರಾದಲ್ಲಿ ನೋಡಿದರಂತೆ.

"ಹಾಗಾದ್ರೆ ಕ್ಯಾನ್ಸರನ್ನೂ ಹೀಗೇ ಹೊಳೆಯಿಸಬಹುದಲ್ವಾ ಡಾಕ್ಟ್ರೇ?" ಅಂತ ಕೇಳಿದೆ. ಸುಸ್ತಾಗಿದ್ದರೂ ಕೂತು ವಿವರಿಸಿದರು. ಐಸಿಜಿಗೆ ಕ್ಯಾನ್ಸರ್‌ನ ಗುರುತು ಗೊತ್ತಿಲ್ಲ, ಆಂಟಿಬಾಡಿಗೆ, ಅಂದರೆ ಒಂದೇ ಗುರುತನ್ನು ಹುಡುಕಿ ಅಂಟಿಕೊಳ್ಳುವ ಪ್ರೋಟೀನ್‌ಗೆ, ಗೊತ್ತು. ನಾವು ರಕ್ತದಲ್ಲಿ ಅಳೆಸುತ್ತಿದ್ದ ಅದೇ ಸಿಇಎ ಈ ಕ್ಯಾನ್ಸರ್ ಕೋಶಗಳ ಮೈಮೇಲೆ ಜಾಸ್ತಿ ಇರುತ್ತದೆ. ಅದನ್ನು ಹಿಡಿಯುವ ಆಂಟಿಬಾಡಿಗೆ ಬಣ್ಣ ಅಂಟಿಸಿ, ಆಪರೇಷನ್‌ಗೆ ಕೆಲವು ದಿನ ಮೊದಲೇ ಇಂಜೆಕ್ಷನ್ ಕೊಡುತ್ತಾರೆ. ಬರಿಗಣ್ಣಿಗೆ ಏನೂ ಕಾಣದು. ಇನ್‌ಫ್ರಾರೆಡ್ ಕ್ಯಾಮೆರಾ ಹಿಡಿದರೆ ಅಡಗಿದ ಗಂಟು ಪರದೆಯ ಮೇಲೆ ಬೆಳಗುತ್ತದೆ. ಕೆಲವೊಮ್ಮೆ ಕ್ಯಾನ್ಸರ್ ಇಲ್ಲದ ಜಾಗವೂ ಹೊಳೆಯುತ್ತದೆ, ಹಾಗಾಗಿ ಸರ್ಜನ್ನರ ಅನುಭವ ಬೇಕೇ ಬೇಕು.

ನೆದರ್ಲೆಂಡ್ಸ್‌ನಲ್ಲಿ ಎಸ್‌ಜಿಎಂ-101 ಎಂಬ ಇಂತಹ ಔಷಧಿಯನ್ನು 26 ರೋಗಿಗಳಿಗೆ ಕೊಟ್ಟು ನೋಡಿದ ವರದಿ 2018ರಲ್ಲಿ ಬಂತು. ಮೊದಲ 9 ಜನರಲ್ಲಿ ನೋಡಿದ್ದು ಎಷ್ಟು ಡೋಸ್ ಬೇಕು ಅಂತ. ನಂತರದ 17 ಜನರಲ್ಲಿ 6 ಜನರ ಚಿಕಿತ್ಸೆಯ ದಾರಿಯೇ ಆ ಬೆಳಕಿನಿಂದ ಬದಲಾಯಿತು.

ಅಮ್ಮನಿಗೆ ಅದು ಸಿಗಲಿಲ್ಲ. ಆದರೆ ಅವಳಿಗೆ ಹಾಕಿದ ಕೀಮೋನೂ ಒಂದು ಕಾಲದಲ್ಲಿ ಯಾರೋ ಮೊದಲು ಒಪ್ಪಿ ತಗೊಂಡದ್ದೇ ತಾನೇ? ತಮಗೆ ಉಪಯೋಗ ಆಗುತ್ತದೋ ಇಲ್ಲವೋ ಗೊತ್ತಿಲ್ಲದೆ ಕೈ ಚಾಚಿದವರು ಅವರು. ಆ 9 ಜನರಿಗೂ ಅಂಥವರೆಲ್ಲರಿಗೂ ನನ್ನ ಮತ್ತು ಅಮ್ಮನ ಮನಸ್ಸು ತುಂಬಿದ ನಮಸ್ಕಾರ.